ನೀರು ತಿರುಗಲಿ, ಆಮೇಲೆ ಹೊರಡಿ: ಗಂಡ ಹೆಂಡತಿ ಹಾಯಿದೋಣಿಯಲ್ಲಿ ಕುಂದಾಪುರದ ಹೊಳೆ ಸುತ್ತುವ ಬಗೆ

ನಮ್ಮ ಮನೆ ಇರುವುದು ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ. ನಮಗೆ ಗೊತ್ತಿರುವ ಹೊಳೆ ಅಂದರೆ ಹೇಮಾವತಿ. ಮೂಡಿಗೆರೆಯ ಜಾವಳಿಯಲ್ಲಿ ಹುಟ್ಟಿ, ನಮ್ಮ ತಾಲ್ಲೂಕು ದಾಟಿ, ಗೊರೂರು ಅಣೆಕಟ್ಟೆ ಸೇರುತ್ತದೆ. ಮಳೆಗಾಲದಲ್ಲಿ ಜೋರು, ಬೇಸಿಗೆಯಲ್ಲಿ ನಿಧಾನ, ಅಷ್ಟೇ. ಹರಿಯುವುದು ಮಾತ್ರ ಯಾವಾಗಲೂ ಒಂದೇ ಕಡೆಗೆ.

ಕುಂದಾಪುರದಲ್ಲಿ ಮೊದಲ ಸಲ ಹೊಳೆ ದಂಡೆಯಲ್ಲಿ ಕೂತಿದ್ದಾಗ ಒಂದು ಒಣಗಿದ ತೆಂಗಿನ ಗರಿ ಸಮುದ್ರದ ಕಡೆ ತೇಲಿ ಹೋಗುತ್ತಿತ್ತು. ಊಟ ಮುಗಿಸಿ ಬಂದು ನೋಡಿದರೆ ಅದೇ ಥರದ ಗರಿಗಳು, ಕಸ, ನೊರೆ ಎಲ್ಲ ಬೆಟ್ಟದ ಕಡೆ ವಾಪಸ್ ಬರುತ್ತಿದ್ದವು. ನಾನು ನಮ್ಮನೆಯವರ ಕೈ ಹಿಡಿದು ಎಳೆದು ತೋರಿಸಿದೆ. "ರೀ, ಹೊಳೆ ಹಿಂದಕ್ಕೆ ಹೋಗ್ತಿದೆ ನೋಡಿ!" ಇಬ್ಬರೂ ಸುಮಾರು ಹೊತ್ತು ಅಲ್ಲೇ ನಿಂತಿದ್ದೆವು. ಈ ಬರಹದಲ್ಲಿ ನಾನು ಹೇಳುವುದೆಲ್ಲ ಆ ಗರಿಯಿಂದಲೇ ಶುರುವಾದದ್ದು. ಕರಾವಳಿಯ ಹೊಳೆಯಲ್ಲಿ ಹಾಯಾಗಿ ದೋಣಿ ನಡೆಸಬೇಕು ಅಂದರೆ ಕೈಗಡಿಯಾರ ಒಳಗಿಡಿ. ನೀರು ಯಾವ ಕಡೆ ಹೋಗುತ್ತಿದೆಯೋ ಆ ಕಡೆ ಹೋಗಿ, ಅದು ತಿರುಗುವಾಗ ನೀವೂ ತಿರುಗಿ.

ಕಳೆದ ಆರು ವರ್ಷದಿಂದ ವರ್ಷಕ್ಕೊಂದು ಸಲ ಮೂರು ದಿನ ಹೀಗೆ ಹೋಗುತ್ತಿದ್ದೇವೆ. ನಮ್ಮಂತೆ ಗುಡ್ಡದ ಮೇಲಿರುವವರಿಗೆ, ಈಜು ಅಷ್ಟಕ್ಕಷ್ಟೇ ಗೊತ್ತಿರುವವರಿಗೆ ಇದು ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಯಾಕೆ ಕುಂದಾಪುರ

ಬಿಸ್ಲೆ ಕಡೆ ಮಂಕನಹಳ್ಳಿ ಹತ್ತಿರ ಒಂದು ಹಳೆಯ ಕಲ್ಲಿದೆ. ಅದರ ಒಂದು ಪಕ್ಕ ಬಿದ್ದ ಮಳೆ ಬಂಗಾಳ ಕೊಲ್ಲಿಗೆ, ಇನ್ನೊಂದು ಪಕ್ಕ ಬಿದ್ದದ್ದು ಅರಬ್ಬಿ ಸಮುದ್ರಕ್ಕೆ ಅಂತ ಬರೆದಿದ್ದಾರೆ. ನಮ್ಮ ತೋಟದ ನೀರು ಕಾವೇರಿ ಪಾಲು. ಘಟ್ಟದಿಂದ ಪಡುವಣಕ್ಕೆ ಇಳಿಯುವ ಹೊಳೆಗಳ ಕಥೆಯೇ ಬೇರೆ. ಅವು ಗಿಡ್ಡ ಹೊಳೆಗಳು. ಕಡಿದಾಗಿ ಇಳಿದು, ಸಮುದ್ರ ಹತ್ತಿರ ಬಂದಾಗ ಇದ್ದಕ್ಕಿದ್ದ ಹಾಗೆ ಸಮತಟ್ಟು ಜಾಗದಲ್ಲಿ ಅಗಲವಾಗಿ ಹರಡಿಕೊಳ್ಳುತ್ತವೆ. ಸಮುದ್ರದ ನೀರು ಅಲ್ಲಿಯವರೆಗೆ ಒಳಗೆ ಬಂದು ಹೋಗುತ್ತದೆ.

ಕುಂದಾಪುರದ ಪಕ್ಕ ಗಂಗೊಳ್ಳಿಯಲ್ಲಿ ಹೀಗೆ ಐದು ಹೊಳೆ ಸೇರುತ್ತವೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕಿ. ಅದಕ್ಕೇ ಪಂಚಗಂಗಾವಳಿ ಅನ್ನುತ್ತಾರೆ. ಐದೂ ಸೇರುವ ಜಾಗದಲ್ಲಿ ಕುದ್ರುಗಳಿವೆ. ಕುದ್ರು ಅಂದರೆ ಹೊಳೆಯ ನಡುವಿನ ನಡುಗಡ್ಡೆ. ಅಲ್ಲಿ ತೆಂಗಿನ ತೋಟ, ಮನೆ, ದೇವಸ್ಥಾನ ಎಲ್ಲ ಇರುತ್ತದೆ. ಒಂದೇ ಊರಲ್ಲಿ ರೂಮು ಮಾಡಿಕೊಂಡು ದಿನಕ್ಕೊಂದು ಹೊಳೆ ನೋಡಬಹುದು. ಗಾಳಿ ಒಂದು ಕಡೆ ಜೋರಾದರೆ ಇನ್ನೊಂದು ಹೊಳೆಗೆ ಹೋಗಬಹುದು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಜಾಗ ನಾನು ನೋಡಿಲ್ಲ.

ನಾವು ಹೋಗುವುದು ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಇಳಿದು ಉಜಿರೆ, ಕಾರ್ಕಳ, ಉಡುಪಿ ಮೇಲೆ. ಚಿಕ್ಕಮಗಳೂರು ಕಡೆಯವರು ಕೊಪ್ಪ, ಆಗುಂಬೆ, ಹೆಬ್ರಿ ಮೇಲೆಯೂ ಹೋಗಬಹುದು.

ಯಾವಾಗ ಹೋಗಬೇಕು

ನವೆಂಬರ್ ಕೊನೆಯಿಂದ ಫೆಬ್ರವರಿ ಕೊನೆವರೆಗೆ. ಜೂನ್‌ನಿಂದ ಸೆಪ್ಟೆಂಬರ್ ಅಂತೂ ಬೇಡವೇ ಬೇಡ. ಆಗ ಘಟ್ಟದ ಮಳೆಯೆಲ್ಲ ಇದೇ ಹೊಳೆಗಳಲ್ಲಿ ಕೆಂಪಗೆ ಇಳಿಯುತ್ತಿರುತ್ತದೆ. ನಾವು ಕಾಫಿ ಕೊಯ್ಲು ಮುಗಿಸಿ, ಕಣ ಖಾಲಿಯಾದ ಮೇಲೆ, ಕಾಫಿ ಹೂ ಬಿಡಿಸುವ ಹೂಮಳೆಗೆ ಮುಂಚೆ ಹೋಗುತ್ತೇವೆ. ನಮ್ಮ ಕೆಲಸಕ್ಕೂ ಅದೇ ಬಿಡುವು, ಹೊಳೆಗೂ ಅದೇ ಒಳ್ಳೆಯ ಕಾಲ.

ತಿಂಗಳು ಗೊತ್ತಾದರೆ ಸಾಲದು, ದಿನ ನೋಡಬೇಕು. ಇದಕ್ಕೆ ಮನೆಯ ಪಂಚಾಂಗವೇ ಸಾಕು. ಹುಣ್ಣಿಮೆ, ಅಮಾವಾಸ್ಯೆ ಮತ್ತು ಅದರ ಹಿಂದೆಯೇ ಬರುವ ಒಂದೆರಡು ದಿನ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಹಾಗಾಗಿ ಸೆಳೆತ ಜೋರು. ಅಷ್ಟಮಿ ಆಸುಪಾಸು ಏರಿಳಿತ ಕಡಿಮೆ, ಸೆಳೆತ ಮೆತ್ತಗೆ. ಮೊದಲ ಸಲ ಹೋಗುವವರು ಹುಣ್ಣಿಮೆ ಬೆಳದಿಂಗಳ ಆಸೆಗೆ ಬೀಳಬೇಡಿ.

ಎಷ್ಟು ಗಂಟೆಗೆ ನೀರು ತುಂಬುತ್ತದೆ ಅಂತ ಪಂಚಾಂಗ ಹೇಳುವುದಿಲ್ಲ. ಅದಕ್ಕೆ ಟೈಡ್ ಟೇಬಲ್ ಬೇಕು. ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಸಂಸ್ಥೆ ಇದನ್ನು ಇಂಟರ್‌ನೆಟ್ಟಿನಲ್ಲೇ ಕೊಡುತ್ತದೆ. ಗಾಳಿ, ಅಲೆ ಎಷ್ಟಿರುತ್ತದೆ ಅನ್ನುವುದೂ ಅಲ್ಲೇ ಸಿಗುತ್ತದೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಮಧ್ಯಾಹ್ನ ಎರಡಕ್ಕೆ ತುಂಬಿದರೆ ನಾಳೆ ಮೂರಕ್ಕೆ ಸ್ವಲ್ಪ ಮುಂಚೆ. ಇನ್ನೊಂದು ಮಾತು. ಟೇಬಲ್‌ನಲ್ಲಿ ಕೊಡುವುದು ಸಮುದ್ರದ ಬಾಗಿಲಿನ ಹೊತ್ತು. ಹೊಳೆಯಲ್ಲಿ ಮೇಲೆ ಹೋದಷ್ಟೂ ನೀರು ತಿರುಗುವುದು ತಡ.

ನಾವು ಟೇಬಲ್‌ನಲ್ಲಿ ಹುಡುಕುವುದು ಒಂದೇ: ಮೊದಲನೇ ದಿನ ಮಧ್ಯಾಹ್ನ ಎರಡರ ಹೊತ್ತಿಗೆ ಉಬ್ಬರ ತುಂಬಬೇಕು. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ದೋಣಿ ಮತ್ತು ಹಾಯಿ

ಹಾಯಿ ಕಟ್ಟಿದ ದೋಣಿ ಬಾಡಿಗೆಗೆ ಸಿಗುತ್ತದೆ ಅಂದುಕೊಂಡು ಹೋಗಬೇಡಿ. ಈಗ ಹೊಳೆಯಲ್ಲಿರುವುದೆಲ್ಲ ಹುಟ್ಟು ಹಾಕುವ ದೋಣಿ ಇಲ್ಲವೇ ಇಂಜಿನ್ ದೋಣಿ. ನಾವು ಒಬ್ಬ ವಯಸ್ಸಾದ ಮೀನುಗಾರರ 18 ಅಡಿ ಫೈಬರ್ ದೋಣಿಯನ್ನು ದಿನಕ್ಕಿಷ್ಟು ಅಂತ ಮಾತಾಡಿ ತೆಗೆದುಕೊಳ್ಳುತ್ತೇವೆ. ಹಾಯಿ ನಮ್ಮದೇ, ಮನೆಯಿಂದ ಹೊತ್ತುಕೊಂಡು ಹೋಗುವುದು.

ನಮ್ಮ ಹಾಯಿ ಅಂದರೆ ಕಾಫಿ ಕಣಕ್ಕೆ ಹಾಸುವ ಟಾರ್ಪಾಲು. ಒಂಬತ್ತು ಅಡಿಗೆ ಏಳು ಅಡಿ ಕತ್ತರಿಸಿ, ಅಂಚಿಗೆ ಹಗ್ಗ ಇಟ್ಟು ಮಡಚಿ, ಸಕಲೇಶಪುರದಲ್ಲಿ ಜೀಪಿನ ಟಾಪು ಹೊಲಿಯುವವರ ಹತ್ತಿರ ಹೊಲಿಸಿದೆವು. ಮೂಲೆಗೆಲ್ಲ ಹಿತ್ತಾಳೆ ರಿಂಗು ಹಾಕಿಸಿದೆವು. ಕೆಳ ಅಂಚಿನಿಂದ ಎರಡು ಅಡಿ ಮೇಲೆ ಇನ್ನೊಂದು ಸಾಲು ರಿಂಗು ಬೇಕು. ಗಾಳಿ ಜೋರಾದಾಗ ಅಲ್ಲಿಯವರೆಗೆ ಸುತ್ತಿ ಕಟ್ಟಿದರೆ ಹಾಯಿ ಚಿಕ್ಕದಾಗುತ್ತದೆ. ಕೂವೆ ಮರಕ್ಕೆ, ಅಂದರೆ ಹಾಯಿ ಕಟ್ಟುವ ಕಂಬಕ್ಕೆ, ತೋಟದ್ದೇ ಬಿದಿರು, ಹನ್ನೊಂದು ಅಡಿ. ಬಲಿತ ಬಿದಿರಾಗಬೇಕು, ಎಳೆಯದು ಬಾಗುತ್ತದೆ. ಹಾಯಿಯ ಮೇಲಂಚಿಗೆ ಒಂಬತ್ತು ಅಡಿಯ ಇನ್ನೊಂದು ತೆಳು ಬಿದಿರು. ಕೂವೆಯ ತುದಿಗೆ ಒಂದು ಸ್ಟೀಲ್ ಬಳೆ ಕಟ್ಟಿ, ಅದರೊಳಗೆ ಹಗ್ಗ ತೂರಿಸಿದರೆ ಹಾಯಿ ಏರಿಸಬಹುದು, ಇಳಿಸಬಹುದು. ದೋಣಿಯ ಮುಂದಿನ ಅಡ್ಡಹಲಗೆಗೆ ಒಂದು ಗೂಡು, ಅದರ ಕೆಳಗೆ ತಳದಲ್ಲಿ ಮರದ ತುಂಡು. ಕೂವೆ ಅದರಲ್ಲಿ ನಿಲ್ಲುತ್ತದೆ. ಇದನ್ನು ಮಾಡುವ ಮೊದಲು ದೋಣಿಯವರನ್ನು ಕೇಳಿ, ಅವರ ಎದುರಿಗೇ ಮಾಡಿ.

ಹಾಯಿಯ ಕೆಳಮೂಲೆಯಿಂದ ಕೈಗೆ ಬರುವ ಹಗ್ಗ ಇದೆಯಲ್ಲ, ಅದು ಮಾತ್ರ ದಪ್ಪ ಹತ್ತಿಯದ್ದೇ ಇರಲಿ. ನೈಲಾನ್ ಹಗ್ಗ ಮೊದಲ ದಿನವೇ ಅಂಗೈ ಸೀಳುತ್ತದೆ.

ಇಂಥ ದೋಣಿಯಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಅಂತ ತಿಳಿದಿರಬೇಕು. ಇದರ ತಳ ಚಪ್ಪಟೆ. ಗಾಳಿ ಹಿಂದಿನಿಂದ ಬಂದರೆ ಚೆನ್ನಾಗಿ ಓಡುತ್ತದೆ. ಪಕ್ಕದಿಂದ ಬಂದರೂ ಹೋಗುತ್ತದೆ, ಸ್ವಲ್ಪ ಜಾರುತ್ತಾ. ಎದುರು ಗಾಳಿಗೆ ಆಗುವುದೇ ಇಲ್ಲ. ಆಗ ಹಾಯಿ ಇಳಿಸಿ, ಹುಟ್ಟು ಹಾಕಬೇಕು. ಅದಕ್ಕೇ ಎರಡು ಹುಟ್ಟು, ಒಂದು ಉದ್ದ ಗಳ, ಒಂದು ಲಂಗರು ಯಾವಾಗಲೂ ದೋಣಿಯಲ್ಲಿರಲಿ.

ಕರಾವಳಿಗೆ ಹೋಗುವ ಮುಂಚೆ ಮನೆ ಹತ್ತಿರವೇ ಅಭ್ಯಾಸ ಮಾಡಿ. ನಾವು ಬೇಲೂರಿನ ಯಗಚಿ ಹಿನ್ನೀರಿನಲ್ಲಿ ದೋಣಿ ಹತ್ತಿ ನೋಡಿದೆವು. ಆಮೇಲೆ ನಮ್ಮ ತೋಟದ ಕೆರೆಯಲ್ಲೇ ಲೈಫ್ ಜಾಕೆಟ್ ಹಾಕಿಕೊಂಡು ಬೇಕಂತಲೇ ನೀರಿಗೆ ಬಿದ್ದು ಕಲಿತೆವು. ನನಗೆ ಆಗ ನಲವತ್ತೊಂಬತ್ತು ವರ್ಷ. ಮೊದಲ ಸಲ ಕುತ್ತಿಗೆವರೆಗೆ ನೀರಲ್ಲಿ, ಕಾಲಿಗೆ ನೆಲ ಸಿಗದೆ, ಆದರೂ ಮುಳುಗದೆ ತೇಲಿದಾಗ ಎದೆಯಲ್ಲಿದ್ದ ಹೆದರಿಕೆ ಅರ್ಧ ಇಳಿದುಹೋಯಿತು. ಜಾಕೆಟ್ ಮೈಗೆ ಬಿಗಿಯಾಗಿ ಕೂರುತ್ತದೋ, ಕಿವಿವರೆಗೆ ಮೇಲೆ ಬರುತ್ತದೋ ಅಂತ ಗೊತ್ತಾಗುವುದೂ ಹೀಗೆ ಬಿದ್ದರೆ ಮಾತ್ರ. ದಯವಿಟ್ಟು ಇದನ್ನು ಬಿಡಬೇಡಿ.

ನೀರು, ಗಾಳಿ ಓದುವುದು

ಮೊದಲನೇ ವರ್ಷ ಬೆಳಿಗ್ಗೆ ಒಂಬತ್ತಕ್ಕೇ ತಯಾರಾಗಿ ದಂಡೆಗೆ ಹೋದೆವು. ದೋಣಿಯಣ್ಣ ಬಲೆ ಸರಿಮಾಡುತ್ತಾ ಕೂತಿದ್ದರು. ತಲೆ ಎತ್ತಿ, "ಹ್ವಾಯ್ ಅಕ್ಕ, ಈಗ ಬ್ಯಾಡ. ನೀರ್ ತಿರ್ಗ್ಲಿ, ಮತ್ತೆ ಹೋಪ" ಅಂದರು. ಎರಡು ಗಂಟೆ ಕೂತೆವು. ಅವರು ಮೂರು ಮಾತಿನಲ್ಲಿ ಹೇಳಿದ್ದನ್ನು ನಾವು ಆರು ವರ್ಷದಿಂದ ಕಲಿಯುತ್ತಿದ್ದೇವೆ.

ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ತಿಳಿಯಲು ಕಾಂಡ್ಲಾ ಗಿಡದ ಬೇರು ನೋಡಿ. ಕೆಸರಿನಲ್ಲಿ ಕೈಕಾಲು ಊರಿದ ಹಾಗೆ ಬೇರು ಬಿಟ್ಟುಕೊಂಡು ನಿಂತಿರುತ್ತದಲ್ಲ, ಅದೇ ಗಿಡ. ನೀರಿನ ಮಟ್ಟಕ್ಕಿಂತ ಮೇಲೆ ಬೇರಿನ ಮೇಲೆ ಒದ್ದೆ ಪಟ್ಟಿ ಹೊಳೆಯುತ್ತಿದ್ದರೆ ನೀರು ಇಳಿಯುತ್ತಿದೆ. ಆ ಒದ್ದೆಯಲ್ಲಿ ಸಣ್ಣ ಏಡಿಗಳು ಓಡಾಡುತ್ತಿರುತ್ತವೆ. ಒಣಗಿ ಬೂದಿ ಬಣ್ಣಕ್ಕೆ ತಿರುಗಿದ ಬೇರನ್ನೇ ನೀರು ನೇರವಾಗಿ ಮುಟ್ಟುತ್ತಿದ್ದರೆ ಏರುತ್ತಿದೆ. ಇದನ್ನು ಒಂದು ಸಲ ಕಣ್ಣಿಗೆ ಹಚ್ಚಿಕೊಂಡರೆ ಫೋನು ತೆಗೆಯುವುದೇ ಬೇಡ. ಹೊಳೆ ನಡುವೆ ಲಂಗರು ಹಾಕಿದ ದೋಣಿಗಳನ್ನೂ ನೋಡಿ. ಗಾಳಿ ಕಡಿಮೆ ಇದ್ದಾಗ ಅವು ಸೆಳೆತಕ್ಕೆ ಮುಖ ಕೊಟ್ಟು ನಿಂತಿರುತ್ತವೆ. ಎಲ್ಲವೂ ಒಂದೊಂದು ದಿಕ್ಕಿಗೆ ನೋಡುತ್ತಿದ್ದರೆ ನೀರು ಈಗ ತಿರುಗುವ ಹೊತ್ತು ಅಂತ ಅರ್ಥ.

ಗಾಳಿಗೂ ಹೀಗೇ ಒಂದು ದಿನಚರಿ ಇದೆ. ಈ ಕಾಲದಲ್ಲಿ ಬೆಳಿಗ್ಗೆ ಘಟ್ಟದ ಕಡೆಯಿಂದ ತಣ್ಣಗೆ ಮೂಡುಗಾಳಿ ಬೀಸುತ್ತದೆ. ಮುಖಕ್ಕೆ ತಾಗಿದಾಗ ನಮ್ಮೂರಿನ ಗಾಳಿಯೇ ಇಳಿದು ಬಂದ ಹಾಗೆ ಅನಿಸುತ್ತದೆ. ಬಿಸಿಲೇರಿದಂತೆ ಅದು ಸತ್ತು, ಒಂದು ಗಂಟೆ ಎಲೆಯೂ ಅಲ್ಲಾಡುವುದಿಲ್ಲ. ಹನ್ನೊಂದು, ಹನ್ನೆರಡರ ಹೊತ್ತಿಗೆ ಸಮುದ್ರದ ಕಡೆಯಿಂದ ಪಡುಗಾಳಿ ಶುರು. ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನವಾಗಿ ಕಾಯುತ್ತದೆ. ಕಾದ ನೆಲದ ಗಾಳಿ ಮೇಲೇರಿದಾಗ ಸಮುದ್ರದ ತಂಪು ಗಾಳಿ ಒಳಗೆ ನುಗ್ಗುತ್ತದೆ. ಎರಡರಿಂದ ನಾಲ್ಕರವರೆಗೆ ಅದು ಜೋರು. ಹೊತ್ತು ಹೋದಂತೆ ಪಶ್ಚಿಮದ ಬದಲು ವಾಯುವ್ಯದಿಂದ ಬೀಸತೊಡಗುತ್ತದೆ. ಮುಳುಗುವ ಹೊತ್ತಿಗೆ ಮತ್ತೆ ಶಾಂತ.

ಅಂದರೆ ಬೆಟ್ಟದ ಕಡೆ ಹೋಗಲು ಮಧ್ಯಾಹ್ನದ ಗಾಳಿ, ಉಬ್ಬರದ ನೀರು. ಸಮುದ್ರದ ಕಡೆ ಬರಲು ಬೆಳಗಿನ ಗಾಳಿ, ಇಳಿತದ ನೀರು. ಈ ಎರಡು ಜೊತೆ ಸೇರುವ ಹಾಗೆ ದಿನ ಹೊಂದಿಸಿಕೊಂಡರೆ ಹುಟ್ಟು ಹಾಕುವ ಕೆಲಸ ಅರ್ಧ ಉಳಿಯುತ್ತದೆ.

ನಮ್ಮ ಮೂರು ದಿನ

ಮೊದಲನೇ ದಿನ ಸೌಪರ್ಣಿಕಾ. ಕೊಲ್ಲೂರಿನಿಂದ ಬರುವ ಈ ಹೊಳೆ ಮರವಂತೆಯಲ್ಲಿ ಸಮುದ್ರವನ್ನು ಇನ್ನೇನು ಮುಟ್ಟಬೇಕು ಅನ್ನುವಷ್ಟು ಹತ್ತಿರ ಬಂದು, ಮುಟ್ಟದೆ ತಿರುಗಿ, ದಕ್ಷಿಣಕ್ಕೆ ಹರಿದು ಗಂಗೊಳ್ಳಿಯಲ್ಲಿ ಸಮುದ್ರ ಸೇರುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಅಲೆ, ಇನ್ನೊಂದು ಪಕ್ಕ ಹೊಳೆ ಇರುವುದನ್ನು ಬಸ್ಸಿನಲ್ಲಿ ಹೋದವರೆಲ್ಲ ನೋಡಿರುತ್ತಾರೆ. ಹಾಯಿಗೆ ಈ ಜಾಗ ಬಹಳ ಒಳ್ಳೆಯದು. ಸಮುದ್ರದ ಗಾಳಿ ಪೂರ್ತಿ ಸಿಗುತ್ತದೆ, ಸಮುದ್ರದ ಅಲೆ ಒಂದೂ ಬರುವುದಿಲ್ಲ. ಹೊಳೆ ಉತ್ತರ ದಕ್ಷಿಣವಾಗಿ ಇರುವುದರಿಂದ ಪಡುಗಾಳಿ ಪಕ್ಕದಿಂದ ಸಿಗುತ್ತದೆ.

ಅರಾಟೆ ಸೇತುವೆ ಕಡೆಯಿಂದ ಹನ್ನೊಂದೂವರೆಗೆ ಹೊರಟರೆ ಏರುವ ನೀರೂ ಪಕ್ಕದ ಗಾಳಿಯೂ ಸೇರಿ ಉತ್ತರಕ್ಕೆ ಕರೆದುಕೊಂಡು ಹೋಗುತ್ತವೆ. ಎರಡರ ಹೊತ್ತಿಗೆ ಮರವಂತೆ. ಹೊಳೆ ದಂಡೆಯ ವರಾಹ ದೇವಸ್ಥಾನದ ಹತ್ತಿರ ಇಳಿದು ಕೈಮುಗಿದು, ನೆರಳಲ್ಲಿ ಊಟ. ಆ ಕಡೆ ದಂಡೆಯದು ಪಡುಕೋಣೆ. ಬ್ಯಾಡ್ಮಿಂಟನ್ ಆಟಗಾರ ಪ್ರಕಾಶ್ ಪಡುಕೋಣೆ ಅವರ ಹೆಸರಿನಲ್ಲಿರುವ ಊರು ಇದೇ. ಅಷ್ಟರಲ್ಲಿ ಉಬ್ಬರ ಮುಗಿದಿರುತ್ತದೆ, ಗಾಳಿ ವಾಯುವ್ಯದಿಂದ ಬೀಸುತ್ತಿರುತ್ತದೆ. ಈಗ ಗಾಳಿ ಬೆನ್ನಿಗೆ, ಇಳಿಯುವ ನೀರು ಕಾಲಿಗೆ. ವಾಪಸ್ ಬರುವುದು ಜೋಕಾಲಿಯಲ್ಲಿ ಕೂತ ಹಾಗೆ. ಮೊದಲ ದಿನ ಎರಡು ಗಂಟೆಗೆ ಉಬ್ಬರ ತುಂಬಬೇಕು ಅಂದೆನಲ್ಲ, ಇದಕ್ಕೇ.

ಎರಡನೇ ದಿನ ವಾರಾಹಿಯಲ್ಲಿ ಬಸರೂರಿಗೆ. ಇದು ಒಂದು ಕಾಲದ ದೊಡ್ಡ ಬಂದರು. 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ದಾಳಿ ಮಾಡುವಷ್ಟು ಶ್ರೀಮಂತವಾಗಿತ್ತು. ಈಗ ದಂಡೆಯಲ್ಲಿ ತೆಂಗು, ಗದ್ದೆ, ಬಟ್ಟೆ ಒಗೆಯುವವರು. ಹೊಳೆ ಪೂರ್ವಕ್ಕೆ ಹೋಗುವುದರಿಂದ ಮಧ್ಯಾಹ್ನದ ಗಾಳಿ ನೇರ ಬೆನ್ನಿಗೆ. ಸಂಜೆ ವಾಪಸ್ ಬರಲು ಹೋಗಬೇಡಿ, ಅದೇ ಗಾಳಿ ಎದೆಗೆ ಬರುತ್ತದೆ. ದೋಣಿ ಅಲ್ಲೇ ಕಟ್ಟಿ, ದೋಣಿಯಣ್ಣನ ಗುರುತಿನವರಿಗೆ ಹೇಳಿ, ಬಸ್ಸಿನಲ್ಲಿ ಕುಂದಾಪುರಕ್ಕೆ ಬಂದು ಮಲಗಿ. ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಬಸರೂರಿಗೆ ಹೋದರೆ ಇಳಿತದ ನೀರು, ಮೂಡುಗಾಳಿ ಎರಡೂ ನಿಮಗಾಗಿ ಕಾದಿರುತ್ತವೆ. ಹೊಳೆ ಮೇಲೆ ಮಂಜು ಇರುತ್ತದೆ, ಮಿಂಚುಳ್ಳಿ ಕೂಗುತ್ತಿರುತ್ತದೆ. ನಾವಿಬ್ಬರೂ ಆ ಒಂದು ಗಂಟೆ ಮಾತೇ ಆಡುವುದಿಲ್ಲ.

ಒಂದು ಮುಖ್ಯ ವಿಷಯ. ರಾತ್ರಿ ದೋಣಿ ಕಟ್ಟುವಾಗ ಹಗ್ಗ ಉದ್ದ ಬಿಡಿ. ನೀರು ಆಳೆತ್ತರದ ಹತ್ತಿರ ಇಳಿಯುವ ದಿನವೂ ಇರುತ್ತದೆ. ಗಿಡ್ಡ ಕಟ್ಟಿದರೆ ಬೆಳಿಗ್ಗೆ ದೋಣಿ ಮೂತಿ ಮೇಲೆ ಮಾಡಿ ನೇತಾಡುತ್ತಿರುತ್ತದೆ.

ಮೂರನೇ ದಿನ ಉಳಿದ ಹೊತ್ತೆಲ್ಲ ಕುದ್ರುಗಳಿಗೆ. ಉಪ್ಪಿನಕುದ್ರು ಯಕ್ಷಗಾನ ಸೂತ್ರದ ಗೊಂಬೆಯಾಟದ ಊರು. ಕೊಗ್ಗ ಕಾಮತರ ಮನೆತನ ತಲೆಮಾರುಗಳಿಂದ ಅದನ್ನು ಉಳಿಸಿಕೊಂಡು ಬಂದಿದೆ. ಅದಾದ ಮೇಲೆ ಕಾಂಡ್ಲಾ ಗಿಡಗಳ ನಡುವಿನ ಸಣ್ಣ ಕವಲುಗಳು. ಇಲ್ಲಿ ಹಾಯಿ ಬೇಡ, ಕೂವೆ ಮಲಗಿಸಿ, ಗಳ ಊರುತ್ತಾ ಹೋಗಿ. ಬೆಳ್ಳಕ್ಕಿ, ನೀರುಕಾಗೆ, ಕೆಸರಿನ ಮೇಲೆ ಕಪ್ಪೆಯ ಹಾಗೆ ನೆಗೆಯುವ ಮೀನು. ಅದೃಷ್ಟ ಇದ್ದರೆ ನೀರುನಾಯಿ.

ಇಂಥ ಕವಲಿನೊಳಗೆ ನೀರು ಏರುವಾಗ ಮಾತ್ರ ಹೋಗಬೇಕು. ಮೂರನೇ ವರ್ಷ ನಾವು ಇಳಿತದಲ್ಲಿ ಒಳಗೆ ಹೋಗಿ ಸಿಕ್ಕಿಹಾಕಿಕೊಂಡೆವು. ಮರಳಿನ ದಿಬ್ಬದ ಮೇಲೆ ದೋಣಿ ಕೂತಿತು. ನಮ್ಮನೆಯವರು ತಳ್ಳಲು ಇಳಿದರೆ ಮೊಣಕಾಲವರೆಗೆ ಕೆಸರು, ಕಾಲಿಗೆ ಚಿಪ್ಪು ಕುಯ್ದು ರಕ್ತ. ನಾಲ್ಕು ಗಂಟೆ ಬಿಸಿಲಲ್ಲಿ ಕೂತೆವು. ಹಾಯಿಯನ್ನೇ ಚಪ್ಪರದ ಹಾಗೆ ಕಟ್ಟಿ ನೆರಳು ಮಾಡಿಕೊಂಡೆವು. ನೀರು ಬಂದ ಮೇಲೆ ದೋಣಿ ತಾನೇ ಎದ್ದಿತು. ಏರುವ ನೀರಲ್ಲಿ ಕೂತರೆ ಹತ್ತು ನಿಮಿಷದಲ್ಲಿ ಬಿಡುಗಡೆ, ಇಳಿಯುವ ನೀರಲ್ಲಿ ಕೂತರೆ ಅರ್ಧ ದಿನ ಹೋಯಿತು. ದೋಣಿಯಿಂದ ಇಳಿಯಲೇಬೇಕಾದರೆ ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡು ಇಳಿಯಿರಿ.

ಹಾಯಿಯ ಹಗ್ಗ ಎಂದೂ ಕಟ್ಟಬೇಡಿ

ಇದನ್ನು ಬೇರೆಯಾಗಿಯೇ ಹೇಳಬೇಕು. ಎರಡನೇ ವರ್ಷ, ತ್ರಾಸಿ ದಾಟಿದ ಮೇಲೆ, ಗಾಳಿ ಹದವಾಗಿತ್ತು. ದೋಣಿಯಣ್ಣ ಮುಂದೆ ಕೂತಿದ್ದರು, ನಾನು ಹಿಂದೆ ಚುಕ್ಕಾಣಿ ಹುಟ್ಟು ಹಿಡಿದಿದ್ದೆ. ನಮ್ಮನೆಯವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಲು ಹಾಯಿಯ ಹಗ್ಗವನ್ನು ಅಡ್ಡಹಲಗೆಗೆ ಎರಡು ಸುತ್ತು ಹಾಕಿ ಗಂಟು ಬಿಗಿದರು. ತೆಂಗಿನ ಸಾಲು ಮುಗಿದು ಬಯಲು ಸಿಕ್ಕಿದ ಜಾಗದಲ್ಲಿ ಗಾಳಿ ಒಮ್ಮೆಗೇ ನುಗ್ಗಿತು. ಎಡ ಅಂಚು ನೀರಿಗೆ ತಾಗಿ ಬಕೆಟ್ಟುಗಟ್ಟಲೆ ನೀರು ಒಳಗೆ. "ಬಿಡ್ರೀ, ಬಿಡಿ!" ಅಂತ ಕೂಗಿದೆ. ಒದ್ದೆ ಗಂಟು ಬಿಚ್ಚಲು ಬರಲಿಲ್ಲ. ದೋಣಿಯಣ್ಣ ನನ್ನ ಕಡೆ ತಿರುಗಿ ಕೈ ತೋರಿಸಿದರು, ಗಾಳಿಗೆ ಮುಖ ಮಾಡು ಅಂತ. ಹುಟ್ಟನ್ನು ಪೂರ್ತಿ ಶಕ್ತಿ ಹಾಕಿ ಒತ್ತಿದೆ. ಮೂತಿ ಗಾಳಿಗೆ ತಿರುಗಿದ ಕೂಡಲೇ ಹಾಯಿ ಪಟಪಟ ಹೊಡೆದುಕೊಂಡು ಸಡಿಲವಾಯಿತು, ದೋಣಿ ನೆಟ್ಟಗಾಯಿತು.

ಆಮೇಲಿಂದ ನಮ್ಮ ನಿಯಮ ಇದು. ಹಗ್ಗ ಕೈಯಲ್ಲೇ ಇರಬೇಕು. ಕೈ ಸೋತರೆ ಹಲಗೆಗೆ ಅರ್ಧ ಸುತ್ತು ಹಾಕಿ ತುದಿ ಹಿಡಿದುಕೊಳ್ಳಬಹುದು, ಗಂಟು ಮಾತ್ರ ಇಲ್ಲ. ಗಾಳಿ ಜೋರಾದರೆ ಕೈ ಬಿಡಿ, ಹಾಯಿ ತಾನೇ ಖಾಲಿಯಾಗುತ್ತದೆ. ಹೊರೆ ಹಿಡಿದ ಹಗ್ಗ ಅಂಗೈಯಲ್ಲಿ ಗಾಳದ ದಾರದ ಹಾಗೆ ಮಿಡಿಯುತ್ತದೆ. ಗಾಳಿ ಬರುವ ಸುದ್ದಿ ಅಲ್ಲೇ ಮೊದಲು ಗೊತ್ತಾಗುವುದು. ಕೂವೆ ಪಕ್ಕ ಒಂದು ಹರಿತವಾದ ಚೂರಿಯನ್ನು ಒರೆಯಲ್ಲಿ ಸಿಕ್ಕಿಸಿಡಿ.

ಇಬ್ಬರ ನಡುವಿನ ಮಾತೂ ಇಲ್ಲಿ ಮುಖ್ಯ. ದೋಣಿಯಲ್ಲಿ ಒಬ್ಬರು ಹಾಯಿ, ಒಬ್ಬರು ಚುಕ್ಕಾಣಿ. ಚುಕ್ಕಾಣಿ ಹಿಡಿದವರ ಮಾತೇ ನಡೆಯಬೇಕು, ಅದು ಹೆಂಡತಿಯಾದರೂ ಸರಿ. ಮನೆಯಲ್ಲಿ ಎಲ್ಲ ತೀರ್ಮಾನ ಅವರದ್ದೇ ಆಗಿದ್ದರೂ ಇಲ್ಲಿ ನಮ್ಮನೆಯವರು ಅದನ್ನು ಮನಸಾರೆ ಒಪ್ಪಿಕೊಂಡರು. ಮಾತು ಚಿಕ್ಕದಿರಲಿ: ಎಳೀರಿ, ಬಿಡಿ, ಇಳಿಸಿ. ಕೇಳಿದವರು ಅದನ್ನೇ ತಿರುಗಿ ಹೇಳಬೇಕು, ಗಾಳಿಯಲ್ಲಿ ಅರ್ಧ ಮಾತು ಹಾರಿಹೋಗುತ್ತದೆ. ಗಂಟೆಗೊಂದು ಸಲ ಜಾಗ ಬದಲಿಸಿಕೊಳ್ಳಿ. ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರಿಗೆ ಎರಡೂ ಕೆಲಸ ಗೊತ್ತಿರಬೇಕು. ಜಾಗ ಬದಲಿಸುವಾಗ ಎದ್ದು ನಿಲ್ಲಬೇಡಿ, ಹಾಯಿ ಇಳಿಸಿ, ಕೂತುಕೊಂಡೇ ಸರಿಯಿರಿ.

ಹೋಗಬಾರದ ಜಾಗ

ಅಳಿವೆ ಕಡೆ ಹೋಗಬೇಡಿ. ಹೊಳೆ ಸಮುದ್ರ ಸೇರುವ ಬಾಯಿ ಅದು. ದೂರದಿಂದ ಶಾಂತವಾಗಿ ಕಾಣುತ್ತದೆ. ಇಳಿತದ ನೀರು ಜೋರಾಗಿ ಹೊರಗೆ ಹೋಗುವಾಗ ಎದುರಿನಿಂದ ಅಲೆ ಬಂದರೆ ಅಲೆ ನೆಟ್ಟಗೆ ಎದ್ದು ಮುರಿಯುತ್ತದೆ. ಸಣ್ಣ ದೋಣಿ ಅಲ್ಲಿ ನಿಲ್ಲುವುದಿಲ್ಲ. ಗಂಗೊಳ್ಳಿ ಬಂದರಿನ ಹತ್ತಿರವೂ ಸುಮ್ನೆ ಸುಳಿಯಬೇಡಿ, ದೊಡ್ಡ ಮೀನುಗಾರಿಕೆ ಬೋಟುಗಳು ಕೆಲಸದ ಮೇಲೆ ಓಡಾಡುತ್ತಿರುತ್ತವೆ. ಅವುಗಳ ಅಲೆ ಬಂದರೆ ದೋಣಿಯ ಮೂತಿಯನ್ನು ಅಲೆಗೆ ಕೊಡಿ, ಪಕ್ಕ ಕೊಡಬೇಡಿ.

ಸೇತುವೆ ಬರುವ ಮುಂಚೆಯೇ ಕೂವೆ ಮಲಗಿಸಿ. ಕುದ್ರುಗಳಿಗೆ ಹೋಗುವ ಕರೆಂಟ್ ತಂತಿ ಹೊಳೆ ಮೇಲೆ ಹಾದಿರುತ್ತದೆ. ಒದ್ದೆ ಬಿದಿರು ಅದಕ್ಕೆ ತಾಗಬಾರದು. ಬಲೆ ಕಟ್ಟಿದ ಗೂಟಗಳನ್ನು ದೂರದಿಂದ ಬಳಸಿಕೊಂಡು ಹೋಗಿ. ಅದು ಅವರ ಅನ್ನ. ಬಲೆ ಎಲ್ಲಿದೆ ಅಂತ ತಿಳಿಯದಿದ್ದರೆ ಕೇಳಿ, ಕೂಗಿ ಹೇಳುತ್ತಾರೆ. ಹೊಳೆಯಲ್ಲಿ ಮೇಲೆ ಹೋದಾಗ ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟು ಸಿಕ್ಕರೆ ಅಲ್ಲಿಗೆ ನಿಮ್ಮ ಪ್ರಯಾಣ ಮುಗಿಯಿತು, ಹತ್ತಿರ ಹೋಗಬೇಡಿ.

ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ದಂಡೆಯಲ್ಲಿ ಒಬ್ಬರಿಗೆ ಹೇಳಿ ಹೊರಡಿ. ಫೋನು ನೀರು ಹೋಗದ ಚೀಲದಲ್ಲಿರಲಿ. ಕರಾವಳಿ ಕಾವಲು ಪೊಲೀಸರ ನಂಬರು 1093, ಎಲ್ಲದಕ್ಕೂ 112. ಮೊದಲ ಎರಡು ವರ್ಷ ದೋಣಿಯವರು ನಿಮ್ಮ ಜೊತೆಗೇ ಇರಲಿ. ನಾವಿಬ್ಬರೇ ಹೋಗಿದ್ದು ಮೂರನೇ ವರ್ಷದಿಂದ, ಅವರೇ ಹೋಗಿ ಅಂದ ಮೇಲೆ.

ಊಟ, ಸಾಮಾನು

ಇದರಲ್ಲಿ ಹೆಚ್ಚು ಹೇಳುವುದಿಲ್ಲ. ದಿನಕ್ಕೆ ಇಬ್ಬರಿಗೆ ಐದು ಲೀಟರ್ ಕುಡಿಯುವ ನೀರು. ಬಿಸಿಲಿಗೆ ಅಡಿಕೆ ಹಾಳೆಯ ಟೊಪ್ಪಿ. ಕ್ಯಾಪಿಗಿಂತ ತಂಪು, ನೀರಿಗೆ ಬಿದ್ದರೂ ತೇಲುತ್ತದೆ. ತುಂಬು ತೋಳಿನ ಹತ್ತಿ ಅಂಗಿ. ನೀರು ಮೊಗೆಯಲು ಒಂದು ಡಬ್ಬ, ಹಗ್ಗ ಕಟ್ಟಿ ದೋಣಿಗೇ ಬಿಗಿದಿರಲಿ. ಮಧ್ಯಾಹ್ನಕ್ಕೆ ನಾನು ಮನೆಯಿಂದ ತಂದ ಹುಚ್ಚೆಳ್ಳು ಚಟ್ನಿ, ಬೆಳಿಗ್ಗೆ ಹೋಟೆಲಿನಲ್ಲಿ ಕಟ್ಟಿಸಿಕೊಂಡ ನೀರುದೋಸೆ. ರಾತ್ರಿಗೆ ಕುಚ್ಚಲಕ್ಕಿ ಅನ್ನ, ಮೀನು ಸಾರು. ದೋಣಿಯಣ್ಣನ ಮನೆಯಲ್ಲಿ ಒಂದು ದಿನ ಮಳಿ ಸುಕ್ಕ ಮಾಡಿ ಬಡಿಸಿದರು. ಹೊಳೆಯ ಚಿಪ್ಪಿನ ಆ ರುಚಿ ಇನ್ನೂ ನಾಲಿಗೆ ಮೇಲಿದೆ. ನಾವು ಪ್ರತಿ ವರ್ಷ ಅವರಿಗೆ ಎರಡು ಕೆಜಿ ಕಾಫಿಪುಡಿ, ಒಂದು ಬಾಟಲು ಜೇನು ಒಯ್ಯುತ್ತೇವೆ. ದೋಣಿ ಬಾಡಿಗೆಯನ್ನು ಮೊದಲೇ ಮಾತಾಡಿ, ಕೊನೆಗೆ ಚೌಕಾಸಿ ಮಾಡಬೇಡಿ.

ಮನೆಗೆ ಬಂದ ಮೇಲೆ

ಬಂದ ದಿನವೇ ಹಾಯಿ, ಹಗ್ಗ, ಜಾಕೆಟ್ ಎಲ್ಲವನ್ನೂ ಸಿಹಿನೀರಲ್ಲಿ ತೊಳೆಯಿರಿ. ಉಪ್ಪು ಉಳಿದರೆ ಬಟ್ಟೆ ಒಣಗುವುದೇ ಇಲ್ಲ, ಮಲೆನಾಡಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಹಿತ್ತಾಳೆ ರಿಂಗು ಹಸಿರಾಗುತ್ತದೆ, ಹುಣಸೆಹಣ್ಣು ಹಾಕಿ ತಿಕ್ಕಿ. ಬಿದಿರನ್ನು ನೆಲಕ್ಕೆ ತಾಗದ ಹಾಗೆ ಸೂರಿನಡಿ ಕಟ್ಟಿ. ನಾನು ಹಾಯಿಯನ್ನು ಕಾಫಿ ಕಣದಲ್ಲೇ ಹರಡಿ, ನಾಲ್ಕು ಮೂಲೆಗೆ ಕಲ್ಲು ಇಟ್ಟು ಎರಡು ದಿನ ಬಿಸಿಲಿಗೆ ಬಿಡುತ್ತೇನೆ. ಮಡಚುವ ಮುಂಚೆ ಹೊಲಿಗೆ ಪೂರ್ತಿ ಬೆರಳಲ್ಲಿ ಸವರಿ ನೋಡಿ. ಈ ಸಲ ಮೇಲಿನ ಎಡ ಮೂಲೆಯಲ್ಲಿ ನಾಲ್ಕು ಇಂಚು ಬಿಚ್ಚಿಕೊಂಡಿದೆ. ಸಂತೆಗೆ ಹೋದಾಗ ಹೊಲಿಸಿಕೊಂಡು ಬರಬೇಕು.